ಹೋಮ್ ಥಿಯೇಟರಿಗೆ ಟಿಎಚ್‌ಎಕ್ಸ್ ಮುದ್ರೆ ಬೇಕೇ?

ಎಲ್ಲರಿಗೂ ನಮಸ್ಕಾರ.

ಸಂಘಟಕರು ಫೋನ್ ಮಾಡಿದಾಗ ಹೇಳಿದ್ದು ಒಂದೇ ಮಾತು: "ಸಾರ್, ಟಿಎಚ್‌ಎಕ್ಸ್ ಮುದ್ರೆ ಇರುವ ಆಂಪ್ಲಿಫೈಯರ್ ಕೊಳ್ಳಬೇಕೋ ಬೇಡವೋ, ಅಷ್ಟು ಹೇಳಿಬಿಡಿ ಸಾಕು." ಸಿನಿಮಾ ಶಬ್ದದ ಉಪಕರಣಗಳನ್ನು ಪರೀಕ್ಷಿಸಿ ಒತ್ತುವ ಗುಣಮಟ್ಟದ ಮುದ್ರೆ ಅದು. ಅಷ್ಟಕ್ಕೇ ಮುಗಿಯುವಂತಿದ್ದರೆ ಫೋನಿನಲ್ಲೇ ಹೇಳಿ ಮುಗಿಸುತ್ತಿದ್ದೆ, ನಿಮ್ಮ ಭಾನುವಾರದ ಸಂಜೆ ಉಳಿಯುತ್ತಿತ್ತು. ಜನರ ಮನೆಗೆ ಹೋಗಿ ಸ್ಪೀಕರ್ ಹೊಂದಿಸಿಕೊಡುವುದು ನನ್ನ ಕೆಲಸ. ಈ ಪ್ರಶ್ನೆ ಬಾರದ ವಾರವೇ ಇಲ್ಲ.

ನಮಗೆ ಮುದ್ರೆಯ ಮೇಲೆ ನಂಬಿಕೆ ಹೆಚ್ಚು. ಚಿನ್ನಕ್ಕೆ ಹಾಲ್‌ಮಾರ್ಕ್ ನೋಡುತ್ತೇವೆ, ಕುಕ್ಕರಿಗೆ ಐಎಸ್‌ಐ ನೋಡುತ್ತೇವೆ, ಜೇನುತುಪ್ಪಕ್ಕೆ ಅಗ್‌ಮಾರ್ಕ್ ನೋಡುತ್ತೇವೆ. ಅವುಗಳ ಹಿಂದೆ ಸರ್ಕಾರವಿದೆ, ಕಾನೂನಿದೆ. ಟಿಎಚ್‌ಎಕ್ಸ್ ಆ ಜಾತಿಯದಲ್ಲ. ಅದು ಒಂದು ಖಾಸಗಿ ಕಂಪನಿ. ತಯಾರಕರು ತಾವಾಗಿ ತಮ್ಮ ಉಪಕರಣವನ್ನು ಅವರಿಗೆ ಕೊಟ್ಟು, ಪರೀಕ್ಷೆಗೂ ಮುದ್ರೆಗೂ ಹಣ ತೆರುತ್ತಾರೆ. ಹಣ ಕೊಟ್ಟ ಮಾತ್ರಕ್ಕೆ ಮುದ್ರೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆ ಕಠಿಣವಾಗಿಯೇ ಇದೆ. ಅಳೆಯುವುದು ಏನನ್ನು ಎಂಬುದನ್ನು ಮಾತ್ರ ತಿಳಿದಿರಬೇಕು.

ಮುದ್ರೆಯ ಹಂಬಲ ಯಾಕೆ ಹುಟ್ಟಿತು ಎಂಬುದು ಅರ್ಥವಾಗಬೇಕಾದರೆ ಪಿಎಂಪಿಒ ಕಾಲಕ್ಕೆ ಹೋಗಬೇಕು. ಕ್ಷಣಮಾತ್ರದ ಶಿಖರವನ್ನು ಹಿಗ್ಗಿಸಿ ಬರೆಯುತ್ತಿದ್ದ ವ್ಯಾಟ್ ಲೆಕ್ಕ ಅದು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಓಡಾಡಿದವರು ಇಲ್ಲಿ ಇದ್ದೀರಿ, ಮುಗುಳ್ನಗೆಯಲ್ಲೇ ಗೊತ್ತಾಗುತ್ತಿದೆ. ಟೇಪ್ ರೆಕಾರ್ಡರಿನ ಮೈಮೇಲೆ ಬಂಗಾರದ ಬಣ್ಣದ ಚೀಟಿ: "1000 ವ್ಯಾಟ್ ಪಿಎಂಪಿಒ". ನಾನೂ ಒಂದನ್ನು ಹೊತ್ತು ತಂದಿದ್ದೆ. ಮನೆಗೆ ಬಂದು ಹಿಂದೆ ತಿರುಗಿಸಿ ನೋಡಿದರೆ ಅಡಾಪ್ಟರಿನ ಮೇಲೆ ಸಣ್ಣಕ್ಷರದಲ್ಲಿ 12 ವೋಲ್ಟ್, ಒಂದೂವರೆ ಆಂಪಿಯರ್. ಗುಣಿಸಿ ನೋಡಿ. ಒಳಗೆ ಹೋಗುವುದೇ 18 ವ್ಯಾಟ್. ಹೊರಗೆ ಸಾವಿರ ಬರುತ್ತದೆಯಂತೆ! ಅಕ್ಷಯಪಾತ್ರೆ ಎಂದರೆ ಇದೇ ಇರಬೇಕು ಎಂದುಕೊಂಡೆ.

ಈ ರೋಗ ನಮ್ಮದೇ ಅಲ್ಲ. ಅಮೆರಿಕದಲ್ಲಿ ವ್ಯಾಟ್ ಸುಳ್ಳು ಎಷ್ಟು ಬೆಳೆದಿತ್ತೆಂದರೆ, 1974ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆಂಪ್ಲಿಫೈಯರಿನ ಶಕ್ತಿಯನ್ನು ಹೇಗೆ ಅಳೆದು ಜಾಹೀರಾತು ಮಾಡಬೇಕು ಎಂಬುದಕ್ಕೇ ನಿಯಮ ತರಬೇಕಾಯಿತು. ಇವತ್ತಿಗೂ ಪಿಎಂಪಿಒದ ಮೊಮ್ಮಕ್ಕಳು ಬದುಕಿದ್ದಾರೆ. ರಿಸೀವರ್, ಅಂದರೆ ಹೋಮ್ ಥಿಯೇಟರಿನ ಎಲ್ಲ ಸ್ಪೀಕರುಗಳನ್ನು ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ. ಅದರ ಡಬ್ಬದ ಮೇಲೆ "ಪ್ರತಿ ಚಾನೆಲ್‌ಗೆ 200 ವ್ಯಾಟ್" ಎಂದಿರುತ್ತದೆ. ಕೆಳಗಿನ ಸಾಲನ್ನು ಭೂತಗನ್ನಡಿ ಹಿಡಿದು ಓದಿದರೆ: 6 ಓಮ್, 1 ಕಿಲೋಹರ್ಟ್ಸ್, ಶೇಕಡಾ 10 ವಿರೂಪ, ಒಂದೇ ಚಾನೆಲ್, ಅಂದರೆ ಒಂದೇ ಸ್ಪೀಕರಿನ ಸಾಲು, ನುಡಿಸಿದಾಗ. ಅತಿ ಸುಲಭದ ಸ್ಥಿತಿಯಲ್ಲಿ ಅಳೆದ ಲೆಕ್ಕ. ಏಳು ಚಾನೆಲ್ ಒಟ್ಟಿಗೆ ನುಡಿಸಿದರೆ ಎಷ್ಟು ಉಳಿಯುತ್ತದೆ ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಇಂಥ ಸಂತೆಯಲ್ಲಿ ಯಾರೋ ಮೂರನೆಯವರು ಪರೀಕ್ಷಿಸಿ "ಇದು ಮಾತಿಗೆ ತಪ್ಪುವುದಿಲ್ಲ" ಎಂದರೆ ಅದಕ್ಕೆ ಬೆಲೆ ಇದ್ದೇ ಇದೆ.

ಈಗ ಟಿಎಚ್‌ಎಕ್ಸ್ ಹುಟ್ಟಿದ ಕಥೆ. "ಸ್ಟಾರ್ ವಾರ್ಸ್" ಚಿತ್ರಗಳ ಜಾರ್ಜ್ ಲ್ಯೂಕಾಸ್ ಅವರ ಸಂಸ್ಥೆಯಲ್ಲಿ ಟಾಮ್ಲಿನ್ಸನ್ ಹೋಲ್ಮನ್ ಎಂಬ ಎಂಜಿನಿಯರ್ ಇದ್ದರು. ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕೂತು ಕಟ್ಟಿದ ಶಬ್ದ ಚಿತ್ರಮಂದಿರಕ್ಕೆ ಹೋದ ಕೂಡಲೇ ಡಬ್ಬದೊಳಗಿನಿಂದ ಬಂದಂತೆ ಕೇಳುವುದು ಅವರೆಲ್ಲರ ಸಂಕಟವಾಗಿತ್ತು. 1983ರಲ್ಲಿ "ರಿಟರ್ನ್ ಆಫ್ ದ ಜೇಡೈ" ಬಿಡುಗಡೆಯಾದಾಗ ಟಿಎಚ್‌ಎಕ್ಸ್ ವ್ಯವಸ್ಥೆ ಶುರುವಾಯಿತು. ಚಿತ್ರ ಆರಂಭವಾಗುವ ಮುನ್ನ ನೆಲದಿಂದ ಎದ್ದು ಬಂದು ಎದೆ ತುಂಬುವ ಆ ದೀರ್ಘ ಸದ್ದು, ಡೀಪ್ ನೋಟ್, ಜೇಮ್ಸ್ ಮೂರರ್ ಅವರ ಸೃಷ್ಟಿ, ಅದೂ ಆಗಿನದೇ.

ಗಮನಿಸಬೇಕಾದ್ದು ಇಲ್ಲಿದೆ. ಆಗ ಅವರು ಮುದ್ರೆ ಒತ್ತಿದ್ದು ಚಿತ್ರಮಂದಿರಕ್ಕೆ. ಪರದೆಯ ಹಿಂದೆ ಸ್ಪೀಕರುಗಳನ್ನು ಕೂರಿಸಲು ಗಟ್ಟಿಯಾದ ಗೋಡೆ ಇರಬೇಕು, ಏರ್ ಕಂಡೀಷನರಿನ ಗುಂಯ್‌ಗುಡುವಿಕೆ ಇಂತಿಷ್ಟಕ್ಕಿಂತ ಮೀರಬಾರದು, ಪಕ್ಕದ ಮಂದಿರದ ಸದ್ದು ಒಳಗೆ ಬರಬಾರದು, ಮರುದನಿ ಹತೋಟಿಯಲ್ಲಿರಬೇಕು. ಇದನ್ನೆಲ್ಲ ಅಲ್ಲೇ ಹೋಗಿ ಅಳೆದು ಒಪ್ಪುತ್ತಿದ್ದರು. ಪ್ರಮಾಣಪತ್ರ ಉಳಿಯಬೇಕಾದರೆ ಮತ್ತೆ ಮತ್ತೆ ತಪಾಸಣೆ ಆಗಬೇಕಿತ್ತು. ಅಂದರೆ ಪ್ರಮಾಣಪತ್ರದಲ್ಲಿ ಕೋಣೆಯೂ ಸೇರಿತ್ತು.

ತೊಂಬತ್ತರ ದಶಕದ ಆರಂಭದಲ್ಲಿ ಅದೇ ಮುದ್ರೆ ಮನೆಗೆ ಬಂತು. ಆದರೆ ನಿಮ್ಮ ಮನೆಗೆ ಯಾರೂ ಬರಲಿಲ್ಲ. ಮುದ್ರೆ ಪೆಟ್ಟಿಗೆಯ ಮೇಲೆ ಬಂತು, ಕೋಣೆ ಹೊರಗುಳಿಯಿತು. ನನ್ನ ತಕರಾರು ಇಷ್ಟೇ.

ಪೆಟ್ಟಿಗೆಯ ಮಟ್ಟಿಗೆ ಅದು ಹೇಳುವುದು ಉಪಯುಕ್ತವಾದದ್ದೇ. ಸಿನಿಮಾದ ಶಬ್ದಗಳನ್ನು ಮಿಶ್ರಣ ಮಾಡುವಾಗ ಒಂದು ಒಪ್ಪಿತ ಮಟ್ಟವಿದೆ: ಪ್ರತಿ ಮುಖ್ಯ ಚಾನೆಲ್ಲಿನ ಶಿಖರ 105 ಡೆಸಿಬಲ್, ತಗ್ಗಿನ ಸದ್ದು ನುಡಿಸುವ ಸ್ಪೀಕರಾದ ಸಬ್‌ವೂಫರಿಗೆಂದೇ ಮೀಸಲಾದ ಚಾನೆಲ್ಲಿನದು 115. ಇಂತಿಷ್ಟು ದೊಡ್ಡ ಕೋಣೆಯಲ್ಲಿ ಇಂತಿಷ್ಟು ದೂರ ಕೂತವರಿಗೆ ಆ ಮಟ್ಟವನ್ನು ವಿರೂಪವಿಲ್ಲದೆ ತಲುಪಿಸಬಲ್ಲದು ಎಂಬುದೇ ಮುದ್ರೆಯ ಅರ್ಥ. 'ಸೆಲೆಕ್ಟ್' ಎಂದಿದ್ದರೆ ಸುಮಾರು 2000 ಘನ ಅಡಿಯ ಕೋಣೆ, ಹತ್ತು ಅಡಿ ದೂರ. 'ಅಲ್ಟ್ರಾ' ಎಂದಿದ್ದರೆ 3000 ಘನ ಅಡಿ, ಹನ್ನೆರಡು ಅಡಿ ದೂರ. ನಿಮ್ಮ ಕೋಣೆ 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರವಿದ್ದರೆ 1800 ಘನ ಅಡಿ. ಸೆಲೆಕ್ಟ್ ಧಾರಾಳವಾಯಿತು. ಇಂಥ ಕೋಣೆಗೆ ಅಲ್ಟ್ರಾ ತಂದಿಟ್ಟವರನ್ನು ಬಹಳ ಕಂಡಿದ್ದೇನೆ. ನಾಲ್ಕು ಜನರ ಅನ್ನಕ್ಕೆ ಮದುವೆ ಮನೆಯ ಕೊಪ್ಪರಿಗೆ ಇಟ್ಟಂತೆ.

ಶಕ್ತಿಯ ಲೆಕ್ಕವನ್ನೂ ನೋಡಿಬಿಡೋಣ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಕೊಡುವ ಸಾಮಾನ್ಯ ಸ್ಪೀಕರ್ ಎನ್ನಿ. ಮೂರು ಮೀಟರ್ ದೂರ ಕೂತರೆ ಬಯಲಿನಲ್ಲಾದರೆ ಸುಮಾರು 10 ಡೆಸಿಬಲ್ ಕಳೆಯುತ್ತದೆ. 105 ಮುಟ್ಟಬೇಕಾದರೆ 500 ವ್ಯಾಟ್ ಬೇಕು. ಗೋಡೆಗಳು ಒಂದಷ್ಟನ್ನು ಹಿಂದಿರುಗಿಸುವುದರಿಂದ ಒಳಗೆ ಅದರ ಅರ್ಧ ಸಾಕೆನ್ನೋಣ. ಆದರೂ 250 ವ್ಯಾಟ್! ಗಾಬರಿಯಾಗಬೇಡಿ. ಆ ಮಟ್ಟದಲ್ಲಿ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಹತ್ತು ನಿಮಿಷದೊಳಗೆ ಅಡುಗೆಮನೆಯಿಂದ "ಸ್ವಲ್ಪ ಕಡಿಮೆ ಮಾಡಬಾರದೇ" ಎಂಬ ಆದೇಶ ಬರುತ್ತದೆ. ಅಪಾರ್ಟ್‌ಮೆಂಟ್ ಆದರೆ ಕೆಳಗಿನ ಮನೆಯವರೇ ಬರುತ್ತಾರೆ. ಹತ್ತು ಡೆಸಿಬಲ್ ಇಳಿಸಿದಿರೆಂದರೆ ಬೇಕಾದ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಇಪ್ಪತ್ತೈದು ವ್ಯಾಟ್. ಮುದ್ರೆ ಇಲ್ಲದ ಮಧ್ಯಮ ದರ್ಜೆಯ ರಿಸೀವರೂ ಅದನ್ನು ನಿರಾಯಾಸವಾಗಿ ಕೊಡುತ್ತದೆ.

ಇನ್ನೊಂದು ಸಂಗತಿ. ಟಿಎಚ್‌ಎಕ್ಸ್ ಮನೆಗೆ ತಂದ ಒಳ್ಳೆಯ ಆಲೋಚನೆಗಳೆಲ್ಲ ಈಗ ಊರ ಬಾವಿಯ ನೀರು. 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಸಬ್‌ವೂಫರಿಗೆ ಒಪ್ಪಿಸಿ, ಸಣ್ಣ ಸ್ಪೀಕರುಗಳ ಹೊರೆ ಇಳಿಸುವುದು ಅವರು ರೂಢಿಗೆ ತಂದ ಕ್ರಮ. ಇವತ್ತು ಯಾವ ರಿಸೀವರಿನ ಮೆನು ತೆರೆದರೂ ಆ 80 ಅಲ್ಲಿ ಕಾದು ಕೂತಿರುತ್ತದೆ.

ಇನ್ನು ಕೋಣೆಗೆ ಬರೋಣ. ಇಟ್ಟಿಗೆ ಗೋಡೆ, ಮೇಲೆ ಕಾಂಕ್ರೀಟ್ ಚಾವಣಿ, ಕೆಳಗೆ ಗ್ರಾನೈಟ್ ಅಥವಾ ಟೈಲ್ಸ್: ನಮ್ಮ ಮನೆಗಳೆಂದರೆ ಇಷ್ಟೇ ತಾನೇ. ಅಮೆರಿಕದ ಹಲಗೆ ಗೋಡೆಗಳಿಂದ ತಗ್ಗಿನ ಸದ್ದು ಒಂದಷ್ಟು ಸೋರಿಹೋಗುತ್ತದೆ. ನಮ್ಮಲ್ಲಿ ಅದಕ್ಕೆ ದಾರಿಯಿಲ್ಲ, ಒಳಗೇ ಸುತ್ತುತ್ತದೆ. ಎದುರುಬದುರು ಗೋಡೆಗಳ ನಡುವೆ 12 ಅಡಿ ಅಂತರವಿದ್ದರೆ ಸುಮಾರು 47 ಹರ್ಟ್ಸ್‌ನ ಸದ್ದು ಅಲ್ಲಿ ನಿಂತ ಅಲೆಯಾಗುತ್ತದೆ. ಗೋಡೆಗೊರಗಿ ಕೂತವರಿಗೆ ಗುಡುಗು. ನಡುಮಧ್ಯೆ ಕೂತವರಿಗೆ ಆ ಸ್ವರವೇ ಮಾಯ. ಎಷ್ಟು ಲಕ್ಷದ ಆಂಪ್ಲಿಫೈಯರ್ ತಂದರೂ ಗೋಡೆ ಜರುಗುವುದಿಲ್ಲ.

ಮೈಸೂರಿನ ಒಂದು ಮನೆಗೆ ಹೋಗಿದ್ದೆ. ಮುದ್ರೆಯುಳ್ಳ ರಿಸೀವರ್, ಮುದ್ರೆಯುಳ್ಳ ಸ್ಪೀಕರ್, ಎಲ್ಲ ಹೊಸತು. ಯಜಮಾನರ ದೂರು: "ಬೇಸ್ ಬರುತ್ತಲೇ ಇಲ್ಲ ಸಾರ್, ಬದಲಾಯಿಸಿ ಕೊಡುತ್ತಾರೆಯೇ?" ನಾನು ಸಬ್‌ವೂಫರನ್ನು ಎತ್ತಿ ಅವರು ಕೂರುವ ಸೋಫಾದ ಮೇಲೇ ಇಟ್ಟೆ. ತಗ್ಗಿನ ಸ್ವರವೊಂದನ್ನು ಹಚ್ಚಿ, ಗೋಡೆಗುಂಟ ಅಂಬೆಗಾಲಿಡಿ, ಅದು ಎಲ್ಲಿ ತುಂಬಿ ಕೇಳುತ್ತದೋ ಅದೇ ಸಬ್‌ವೂಫರ್ ಇಡುವ ಜಾಗ ಎಂದೆ. ಅವರು ಪಂಚೆ ಎತ್ತಿ ಕಟ್ಟಿ, ಕಿವಿ ನೆಲದ ಮಟ್ಟಕ್ಕೆ ತಂದು ಹೊರಟರು. ದೇವರ ಮನೆಯಿಂದ ಹೊರಬಂದ ಅವರ ತಾಯಿ ಒಂದು ನಿಮಿಷ ನೋಡಿ, "ಏನು ಕಳೆದುಕೊಂಡೆಯೋ?" ಎಂದರು. "ಬೇಸ್ ಅಮ್ಮ" ಎಂದರು ಇವರು. ಟಿವಿ ಕಟ್ಟೆಯ ಎಡಕ್ಕೆ, ಮೂಲೆಯಿಂದ ಮೂರು ಅಡಿ ಈಚೆಗೆ ಬಂದಾಗ ಥಟ್ಟನೆ ನಿಂತರು. ಸಬ್‌ವೂಫರನ್ನು ಅಲ್ಲಿಗೆ ಸರಿಸಿದೆವು, ಸೋಫಾವನ್ನು ಹಿಂಗೋಡೆಯಿಂದ ಎರಡು ಅಡಿ ಮುಂದೆ ಎಳೆದೆವು, ನೆಲಕ್ಕೊಂದು ಜಮಖಾನ ಹಾಸಿದೆವು. ಖರ್ಚಾದದ್ದು ಎರಡು ಲೋಟ ಕಾಫಿ.

ಕಿವಿಯನ್ನು ಕಣ್ಣು ಮೋಸ ಮಾಡುತ್ತದೆ ಎಂಬುದನ್ನೂ ಮರೆಯಬೇಡಿ. ಶಬ್ದ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಅದೇ ಜನ, ಅದೇ ಸ್ಪೀಕರುಗಳು. ಪರದೆಯ ಹಿಂದಿದ್ದಾಗ ಕೊಟ್ಟ ಅಂಕವೇ ಬೇರೆ, ಕಣ್ಣೆದುರಿಗಿದ್ದಾಗ ಕೊಟ್ಟ ಅಂಕವೇ ಬೇರೆ. ಹೊಳೆಯುವ ಲಾಂಛನ ನಮ್ಮ ಕಿವಿಯೊಳಗೂ ಸ್ವಲ್ಪ ಹೊಳೆಯುತ್ತದೆ.

ಉಳಿದ ಲಾಂಛನಗಳ ಬಗ್ಗೆ ಎರಡೇ ಮಾತು. ಡಾಲ್ಬಿ ಅಟ್ಮಾಸ್ ಎಂದು ಬರೆದಿದ್ದರೆ ಸುತ್ತಲಿಂದಲೂ ತಲೆಯ ಮೇಲಿಂದಲೂ ಸದ್ದು ಬರಿಸುವ ಆ ಬಗೆಯ ಸಂಕೇತವನ್ನು ಪೆಟ್ಟಿಗೆ ಓದಬಲ್ಲದು ಎಂದರ್ಥ. ಚೆನ್ನಾಗಿ ಹಾಡುತ್ತದೆ ಎಂದಲ್ಲ. ಹೈ-ರೆಸ್ ಆಡಿಯೋ ಎಂಬ ಬಂಗಾರದ ಚೀಟಿ 40 ಕಿಲೋಹರ್ಟ್ಸ್‌ವರೆಗಿನ ಸಾಮರ್ಥ್ಯ ಕೇಳುತ್ತದೆ. ಎಳೆ ಮಕ್ಕಳ ಕಿವಿಯೇ 20ರ ಆಸುಪಾಸಿಗೆ ನಿಲ್ಲುತ್ತದೆ. ಉಳಿದದ್ದು ನಿಮ್ಮ ಮನೆಯ ಬಾವಲಿಗಳಿಗೆ.

ನಾನು ಹಟ ಹಿಡಿದು ಕೊಳ್ಳಿಸುವ ಪ್ರಮಾಣಪತ್ರ ಒಂದೇ, ಅದೂ ಅಗ್ಗದ್ದು: ಟಿವಿಗೂ ರಿಸೀವರಿಗೂ ನಡುವೆ ಚಿತ್ರ, ಶಬ್ದ ಎರಡನ್ನೂ ಒಯ್ಯುವ ಎಚ್‌ಡಿಎಂಐ ಕೇಬಲ್ಲಿನದು. 'ಅಲ್ಟ್ರಾ ಹೈ ಸ್ಪೀಡ್' ಎಂಬ ಚೀಟಿಯನ್ನು ಮೊಬೈಲ್ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಸೆಕೆಂಡಿಗೆ 48 ಗಿಗಾಬಿಟ್ ಹರಿಯಬೇಕು. ಹರಿಯದಿದ್ದರೆ ಪರದೆ ಕಪ್ಪು. ಇಲ್ಲಿ ರುಚಿ-ಅರುಚಿಯ ಮಾತೇ ಇಲ್ಲ. ಗೋಡೆಯೊಳಗೆ ಎಳೆಸುವವರು ಎಲೆಕ್ಟ್ರಿಷಿಯನ್ ಮುಕ್ಕಾಲು ಇಂಚಿನ ಪೈಪು ಹಾಕುವ ಮುನ್ನ ತಡೆಯಿರಿ, ಕೇಬಲ್ಲಿನ ತಲೆ ಅದರ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ಇಂಚಿನದು ಹಾಕಿಸಿ.

ಕೊನೆಗೆ, ಚೀಟಿಯಲ್ಲಿ ಬಂದಿರುವ ಪ್ರಶ್ನೆ: ಹಳೆಯ ಟಿಎಚ್‌ಎಕ್ಸ್ ಉಪಕರಣ ಸೆಕೆಂಡ್ ಹ್ಯಾಂಡ್ ಸಿಕ್ಕರೆ? ರಿಸೀವರ್ ಆದರೆ ಬೇಡ, ಅದರ ಎಚ್‌ಡಿಎಂಐ ಮುದಿಯಾಗಿರುತ್ತದೆ. ಬರೀ ಪವರ್ ಆಂಪ್ಲಿಫೈಯರ್ ಆದರೆ ಕೆಪಾಸಿಟರ್ ಉಬ್ಬಿಲ್ಲವೆಂದು ನೋಡಿಸಿ ಧೈರ್ಯವಾಗಿ ತನ್ನಿ. ಹೊಸತರಲ್ಲಿ ಎರಡು ರಿಸೀವರ್ ಒಂದೇ ಬೆಲೆಗೆ ಸಿಕ್ಕು, ಒಂದಕ್ಕೆ ಮುದ್ರೆ ಇದ್ದರೆ ಅದನ್ನೇ ಕೊಳ್ಳಿ. ಮುದ್ರೆಗಾಗಿ ಮೂವತ್ತು ನಲವತ್ತು ಸಾವಿರ ಹೆಚ್ಚು ಕೇಳಿದರೆ ಆ ಹಣಕ್ಕೆ ಎರಡನೇ ಸಬ್‌ವೂಫರ್, ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ ತನ್ನಿ.

ಈ ಸಭಾಂಗಣದಲ್ಲೂ ಒಂದು ಸಬ್‌ವೂಫರ್ ತಂದಿದ್ದೇನೆ, ಅಲ್ಲಿ ಮೂರನೇ ಸಾಲಿನ ಕುರ್ಚಿಯ ಮೇಲಿದೆ. ಈಗ ಹಚ್ಚುತ್ತೇನೆ. ಗೋಡೆಗುಂಟ ಅಂಬೆಗಾಲಿಡಲು ಯಾರು ಬರುತ್ತೀರಿ? ಪಂಚೆ ಉಟ್ಟವರು ಮೊದಲು ಬನ್ನಿ.