ಮುಯ್ಯಿ ಪುಸ್ತಕ ಮತ್ತು ಪಕ್ಕದವರ ಫೋನು

ನಮಸ್ಕಾರ. ಹೋದ ತಿಂಗಳು ಗೌರಿಬಿದನೂರಿನ ಒಂದು ಛತ್ರದಲ್ಲಿ ನೆಂಟರ ಮದುವೆ. ಅಕ್ಕನ ಮಗ ಮೂಲೆಯಲ್ಲಿ ಕೂತು ಧಾರೆಯ ವಿಡಿಯೊ ಎಡಿಟ್ ಮಾಡುತ್ತಿದ್ದ. ಫೋನು ಕೈಯಲ್ಲಿ ಹಿಡಿಯಲಾಗದಷ್ಟು ಕಾದಿತ್ತು. ವಿಡಿಯೊ ಕೆಲಸ 40 ಪರ್ಸೆಂಟಿಗೆ ಬಂದು ನಿಂತುಬಿಟ್ಟಿದೆ. "ಮಾವ, ನಿಮ್ಮ ಫೋನು ಜೇಬಲ್ಲಿ ಸುಮ್ನೆ ಬಿದ್ದಿದೆಯಲ್ಲ, ಅರ್ಧ ಕೆಲಸ ಅದು ಮಾಡಿಕೊಡಬಾರದಾ?" ಅಂದ.

ಮಾಡಬಹುದು. ಇಂಟರ್‌ನೆಟ್ಟೂ ಬೇಕಿಲ್ಲ, ಅಕ್ಕಪಕ್ಕದ ಫೋನುಗಳು ವೈಫೈನಲ್ಲೇ ಮಾತಾಡಿಕೊಳ್ಳುತ್ತವೆ. ಆದರೆ ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ನನ್ನ ಚಾರ್ಜು ಹೋಗುತ್ತಲ್ಲ!

ಹೀಗೆ ಸುಮ್ನೆ ಬಿದ್ದಿರೋ ಕಂಪ್ಯೂಟರಿನ ಹೊತ್ತನ್ನು ದೂರದವರಿಗೆ ಜನ ಪುಕ್ಕಟೆ ಕೊಟ್ಟಿದ್ದಾರೆ. 1999ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸೆಟಿ ಅಟ್ ಹೋಮ್ ಶುರುವಾಯಿತು. ಆಕಾಶದಿಂದ ಬಂದ ರೇಡಿಯೊ ಸದ್ದಿನಲ್ಲಿ ಅನ್ಯಲೋಕದವರ ಸುಳಿವು ಹುಡುಕುವ ಕೆಲಸ. (ನಮ್ಮ ಗೌರಿಬಿದನೂರಿನ ಹತ್ತಿರವೂ ರೇಡಿಯೊ ದೂರದರ್ಶಕ ಇದೆ, ಮದುವೆಗೆ ಬಂದ ಎಷ್ಟು ಜನಕ್ಕೆ ಗೊತ್ತಿತ್ತೋ.) ಲಕ್ಷಾಂತರ ಜನ ಮನೆಯ ಕಂಪ್ಯೂಟರ್ ಬಿಟ್ಟುಕೊಟ್ಟರು. ದುಡ್ಡಿಲ್ಲ, ಬರೀ ಅಂಕ. ಆ ಅಂಕಕ್ಕೂ ಕೆಲವರು ಸಾಫ್ಟ್‌ವೇರನ್ನೇ ತಿದ್ದಿ ಸುಳ್ಳು ಉತ್ತರ ಕಳಿಸಿದರು! ಅದಕ್ಕೇ ಕೆಲಸದ ಒಂದೇ ತುಂಡನ್ನು ಒಬ್ಬರಿಗಿಂತ ಹೆಚ್ಚು ಜನಕ್ಕೆ ಕೊಟ್ಟು ತಾಳೆ ನೋಡಬೇಕಾಯಿತು.

ಈಗ ಛತ್ರದ ಬಾಗಿಲಿಗೆ ಬನ್ನಿ. ಅಲ್ಲಿ ಮುಯ್ಯಿ ಬರೆಯುವ ಮೇಜು. ಚಿಕ್ಕಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಹೆಸರು, ಊರು, 501 ಅಂತ ಬರೆಯುತ್ತಿದ್ದಾರೆ. ಆ ಪುಸ್ತಕ ಬೀರುವಿನಲ್ಲಿರುತ್ತದೆ. ನಾಳೆ ಅವರ ಮನೆಯಲ್ಲಿ ಮದುವೆಯಾದರೆ ತೆಗೆದು ನೋಡಿ, ಅಷ್ಟೋ, ಸ್ವಲ್ಪ ಜಾಸ್ತಿಯೋ ಕೊಡುತ್ತೇವೆ. ರಾಗಿ ಕಟಾವಿನ ಮುಯ್ಯಾಳೂ ಹೀಗೇ. ಇವತ್ತು ನೀನು ನಮ್ಮ ಹೊಲಕ್ಕೆ, ನಾಳೆ ನಾನು ನಿಮ್ಮ ಹೊಲಕ್ಕೆ.

ಫೋನುಗಳಿಗೂ ಇದೇ ಸಾಕು ಅನ್ನೋದು ನನ್ನ ವಾದ. ಹತ್ತು ನಿಮಿಷದ ಕೆಲಸಕ್ಕೆ ಎಂಟಾಣೆ ಕೊಡುತ್ತೀನಿ ಅಂದರೆ ನನಗೆ ಸಿಟ್ಟು ಬರುತ್ತದೆ. ಅದೇ ಹತ್ತು ನಿಮಿಷ ನನ್ನ ಹೆಸರಲ್ಲಿ ಬರೆದಿಟ್ಟರೆ ಕೊಡುತ್ತೇನೆ. ಯಾಕಂದರೆ ನಾಳೆ ಮತ್ತೆ ಮುಖ ನೋಡಬೇಕಾದವರು ನಾವು.

ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಅಪರಿಚಿತರ ಜೊತೆ ಈ ಲೆಕ್ಕ ನಡೆಯಲ್ಲ. ಒಂದೇ ಕೆಲಸ ಇಬ್ಬರಿಗೆ ಕೊಟ್ಟು ಸುಳ್ಳು ಉತ್ತರವನ್ನೇನೋ ಹಿಡಿಯಬಹುದು. ಇಣುಕಿ ನೋಡುವುದನ್ನು ಹಿಡಿಯೋದು ಹೇಗೆ? ಇಬ್ಬರಿಗೆ ಕೊಟ್ಟರೆ ಇಬ್ಬರೂ ನೋಡುತ್ತಾರೆ, ಅಲ್ವಾ? ಮನೆ ಹೆಣ್ಣುಮಕ್ಕಳಿರುವ ವಿಡಿಯೊ ಯಾರದೋ ಫೋನಿಗೆ ಹೋಗುವುದು ಬೇಡವೇ ಬೇಡ. ಕೆಲಸ ಮಾಡಿಕೊಡುವವನಿಗೂ ಭಯ ಇದೆ. ಯುಪಿಐ ಇರುವ ಫೋನಿನಲ್ಲಿ ಇನ್ನೊಬ್ಬರ ಪ್ರೋಗ್ರಾಂ ಓಡಬೇಕಾದರೆ, ಅದು ಬೇರೆ ಯಾವ ಆ್ಯಪನ್ನೂ ಮುಟ್ಟದ ಹಾಗೆ ಕಟ್ಟಿಹಾಕಿರಬೇಕು. ಅದಿಲ್ಲದಿದ್ದರೆ ನಾನಂತೂ ಕೊಡಲ್ಲ.

ಕೊನೆಗೆ ಹುಡುಗ ಅರ್ಧ ಕ್ಲಿಪ್ ನನ್ನ ಫೋನಿಗೆ ಕಳಿಸಿದ, ಕೈಯಿಂದಲೇ. ಮೊದಲು ಚಾರ್ಜಿಗೆ ಹಾಕು ಅಂದೆ. ಇದ್ದ ಒಂದೇ ಪ್ಲಗ್ಗಿಗೆ ಆಗಲೇ ನಾಲ್ಕು ಚಾರ್ಜರ್ ನೇತಾಡುತ್ತಿದ್ದವು. ಯಾರದೋ ಒಂದನ್ನು ಕಿತ್ತು ನನ್ನದನ್ನು ಚುಚ್ಚಿದ. ಊಟ ಮುಗಿಸಿ ಬಂದರೆ ವಿಡಿಯೊ ರೆಡಿ. "ಹದಿನೆಂಟು ನಿಮಿಷ ಮಾವ, ಬರೆದಿಟ್ಟುಕೊಂಡಿದ್ದೀನಿ," ಅಂದ.