ಅಕ್ಷರಕ್ಕೊಂದು ಲೆಕ್ಕ

ಕೇಳುಗರಿಗೆ ನಮಸ್ಕಾರ.

ಮೊದಲು ಒಂದು ಸಾಲು ಹೇಳುತ್ತೇನೆ, ಮನಸ್ಸಿನಲ್ಲಿ ಇಟ್ಟುಕೊಳ್ಳಿ. ‘ಇತಿಹಾಸ ನಕ್ಕರೆ ಒಳಗೆ ಕಾಣುವ ಊರು.’ ಮೂರಕ್ಷರ. ಇನ್ನೊಂದು ಸಲ ಹೇಳುತ್ತೇನೆ: ‘ಇತಿಹಾಸ ನಕ್ಕರೆ ಒಳಗೆ ಕಾಣುವ ಊರು.’

ಇತಿಹಾಸ ಯಾಕೆ ನಗುತ್ತದೆ, ಯಾರನ್ನು ನೋಡಿ ನಗುತ್ತದೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅಕ್ಷರಗಳನ್ನು ಒಂದೊಂದಾಗಿ ಕೇಳಿಸಿಕೊಳ್ಳಿ. ಇ, ತಿ, ಹಾ, ಸ. ಆಮೇಲೆ ನ, ಕ್ಕ, ರೆ. ಹಾ, ಸ, ನ. ಹಾಸನ! ನನ್ನ ಈ ಮಾತು ನಿಮ್ಮ ಮನೆಗೆ ಹೊರಟಿರುವುದೇ ಆ ಊರಿನಿಂದ.

ಇದು ಕ್ರಿಪ್ಟಿಕ್, ಅಂದರೆ ಗೂಢ, ಪದಬಂಧದ ಸುಳಿವು. ಮಾಮೂಲಿ ಪದಬಂಧ ನಿಮಗೆಲ್ಲ ಗೊತ್ತು. ‘ಕಮಲ, ಮೂರಕ್ಷರ’ ಅಂದರೆ ತಾವರೆ, ಮುಗಿಯಿತು. ಗೊತ್ತಿದ್ದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಕ್ರಿಪ್ಟಿಕ್ ಸುಳಿವಿನಲ್ಲಿ ಉತ್ತರಕ್ಕೆ ಎರಡು ದಾರಿ. ಒಂದು ಅರ್ಥದ ದಾರಿ, ಇನ್ನೊಂದು ಅಕ್ಷರದ ದಾರಿ. ಎರಡೂ ಬಂದು ಒಂದೇ ಪದಕ್ಕೆ ಸೇರಬೇಕು. ಈಗ ಹೇಳಿದ ಸಾಲಿನಲ್ಲಿ ‘ಊರು’ ಅನ್ನುವುದು ಅರ್ಥ. ‘ಒಳಗೆ ಕಾಣುವ’ ಅನ್ನುವುದು ಏನು ಮಾಡಬೇಕು ಎಂಬ ಅಪ್ಪಣೆ. ‘ಇತಿಹಾಸ ನಕ್ಕರೆ’ ಅನ್ನುವುದು ಸಾಮಾನು. ಒಂದು ಪದವೂ ದಂಡವಿಲ್ಲ. ಅರ್ಥ ಸಾಲಿನ ತಲೆಯಲ್ಲಿರುತ್ತದೆ, ಇಲ್ಲವೇ ಬಾಲದಲ್ಲಿರುತ್ತದೆ. ನಡುವೆ ಹುಡುಕಬೇಡಿ.

ನಾನು ಇವತ್ತು ಹೇಳಲು ಬಂದಿರುವುದು ಒಂದೇ ಮಾತು. ಉತ್ತರ ಬಂದರೆ ಸಾಲದು, ಹೇಗೆ ಬಂತು ಅಂತ ಅಕ್ಷರಕ್ಕೆ ಅಕ್ಷರ ಲೆಕ್ಕ ಕೊಡಬೇಕು. ಲೆಕ್ಕ ಕೊಡಲಾಗದ ಉತ್ತರ ಉತ್ತರವೇ ಅಲ್ಲ.

ಇದನ್ನು ನನಗೆ ಕಲಿಸಿದವರು ನನ್ನ ಸೋದರಮಾವ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಮೂಟೆ ಎಲ್ಲ ಅವರ ಲೆಕ್ಕದಲ್ಲೇ ನಡೆಯಬೇಕು. ಇಂಗ್ಲಿಷ್ ಪೇಪರಿನ ಪದಬಂಧ ಬಿಡಿಸುತ್ತಾ ಬಿಡಿಸುತ್ತಾ ಕನ್ನಡದಲ್ಲಿ ತಾವೇ ಕಟ್ಟತೊಡಗಿದ್ದರು. ಹಳೇ ಚೆಕ್‌ರೋಲಿನ, ಅಂದರೆ ಆಳುಗಳ ಹಾಜರಿ ಪಟ್ಟಿಯ, ಹಿಂಬದಿಯಲ್ಲಿ ಕೆಂಪು ಪೆನ್ಸಿಲಿನಿಂದ ಮನೆ ಎಳೆದು, ಪಕ್ಕದಲ್ಲಿ ಗುಂಡು ಅಕ್ಷರದಲ್ಲಿ ಸುಳಿವು ಬರೆಯುತ್ತಿದ್ದರು.

ಹೈಸ್ಕೂಲು ಮುಗಿದು ಕಾಲೇಜಿಗೆ ಸೇರುವ ಮುಂಚೆ ಒಂದು ಆಷಾಢ ನಾನು ಅಲ್ಲಿದ್ದೆ. ಮಳೆ ಹಿಡಿದು ಎಂಟು ದಿನವಾಗಿತ್ತು, ಕರೆಂಟಿಲ್ಲ. ಬಚ್ಚಲೊಲೆ ಮುಂದೆ ಹಲಸಿನ ಬೀಜ ಸುಡುತ್ತಾ ಕೂತಿದ್ದ ನನಗೆ ಮಾವ ಒಂದು ಹಾಳೆ ಕೊಟ್ಟರು. ಅದರಲ್ಲಿ ಒಂದು ಸುಳಿವು: ‘ಮಾಲೆ, ಕಾಡು ಎರಡೂ ಹಿಂದಿರುಗಿದರೆ ಶೃಂಗಾರ, ವೀರ ಇತ್ಯಾದಿ.’ ನಾಲ್ಕಕ್ಷರ.

ಶೃಂಗಾರ, ವೀರ ಅಂದ ಕೂಡಲೇ ನನಗೆ ಹೊಳೆಯಿತು. ನವರಸ! ಪೆನ್ಸಿಲು ಒತ್ತಿ ಬರೆದೆ. ಮಾವ ಬಗ್ಗಿ ನೋಡಿದರು. “ಸರಿ, ಲೆಕ್ಕ ಹೇಳು” ಅಂದರು. ಏನು ಲೆಕ್ಕ? “ಮಾಲೆ ಎಲ್ಲಿ ಹೋಯ್ತು? ಕಾಡು ಎಲ್ಲಿ ಹೋಯ್ತು?” ನನಗೆ ಗೊತ್ತಿರಲಿಲ್ಲ. “ಉತ್ತರ ಸರಿಯಾಗಿದೆಯಲ್ಲ ಮಾವ” ಅಂದೆ. ಅವರು ಏನೂ ಹೇಳದೆ ರಬ್ಬರು ತೆಗೆದುಕೊಂಡು ನಾಲ್ಕೂ ಅಕ್ಷರ ಅಳಿಸಿಬಿಟ್ಟರು. ಅಳಿಸಿದ ಮೇಲೂ ನಾನು ಒತ್ತಿ ಬರೆದ ಗುರುತು ಕಾಗದದಲ್ಲಿ ತಗ್ಗಾಗಿ ಕಾಣುತ್ತಿತ್ತು. “ಹಾಜರಿ ಹಾಕಿದೀಯ, ಆಳು ಎಲ್ಲಿ ಅಂದ್ರೆ ಗೊತ್ತಿಲ್ಲ ಅಂತೀಯ. ಬಟವಾಡೆ ಆಗಲ್ಲ.”

ಎರಡು ದಿನ ಒದ್ದಾಡಿದೆ. ಮಾಲೆ ತಿರುಗಿಸಿದರೆ ಲೆಮಾ. ಕಾಡು ತಿರುಗಿಸಿದರೆ ಡುಕಾ. ಯಾವುದೂ ಕೂಡಲಿಲ್ಲ. ಮೂರನೆಯ ದಿನ ಸಂಜೆ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಅತ್ತೆ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಹೂ ಕಟ್ಟಿ ಪಕ್ಕಕ್ಕಿಟ್ಟಿದ್ದರು. ದೀಪ ಹಚ್ಚುತ್ತಾ, “ಆ ಸರ ಇತ್ಲಾಗೆ ಕೊಡು” ಅಂದರು. ಸರ! ಮಾಲೆ ಅಂದರೆ ಸರ. ತಿರುಗಿಸಿದರೆ ರಸ. ಹಾಗಾದರೆ ಕಾಡು ತಿರುಗಿ ನವ ಆಗಬೇಕು. ವನ! ಸ, ರ, ವ, ನ. ಹಿಂದಿನಿಂದ ಓದಿ: ನ, ವ, ರ, ಸ.

ಸರ ಅತ್ತೆಯ ಕೈಗಿಟ್ಟು ಗೋದಾಮಿಗೆ ಓಡಿದೆ. ಮಾವ ಮೂಟೆ ಎಣಿಸುತ್ತಿದ್ದರು. ನಾನು ಹೇಳುವುದನ್ನೆಲ್ಲ ಹೇಳಿದೆ. ಎಣಿಕೆ ಮುಗಿಸಿ, ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲು ತೆಗೆದು ನನ್ನ ಕೈಗೆ ಕೊಟ್ಟರು. “ಈಗ ಬರಿ.” ಆ ತಗ್ಗಿನ ಮೇಲೇ ಮತ್ತೆ ಬರೆದೆ. ಮೊದಲು ಬರೆದದ್ದೂ ನವರಸ, ಆಮೇಲೆ ಬರೆದದ್ದೂ ನವರಸ. ಮೊದಲನೆಯದು ಊಹೆ, ಎರಡನೆಯದು ಉತ್ತರ. ಇಷ್ಟು ವರ್ಷವಾದರೂ ನಾನು ಲೆಕ್ಕ ಸಿಗುವ ತನಕ ಮನೆ ತುಂಬಿಸುವುದಿಲ್ಲ.

ಈ ಕತೆ ಹೇಳುತ್ತಾ ಹೊತ್ತು ಬಹಳ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಪದಬಂಧ ಹುಟ್ಟಿದ್ದು 1913ರ ಡಿಸೆಂಬರ್ 21ರಂದು, ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ. ಕಟ್ಟಿದವರು ಆರ್ಥರ್ ವಿನ್. ಅದು ವಜ್ರದ ಆಕಾರದಲ್ಲಿತ್ತು, ಸುಳಿವುಗಳೆಲ್ಲ ನೇರ. ಗೂಢ ಸುಳಿವು ಬೆಳೆದದ್ದು ಇಂಗ್ಲೆಂಡಿನಲ್ಲಿ. ‘ಅಬ್ಸರ್ವರ್’ ಪತ್ರಿಕೆಗೆ 1939ರಿಂದ ಝಿಮಿನೀಸ್ ಎಂಬ ಹೆಸರಿನಲ್ಲಿ ಪದಬಂಧ ಕಟ್ಟಿದ ಮ್ಯಾಕ್‌ನಟ್ ಎಂಬ ಮೇಷ್ಟ್ರು ಇದಕ್ಕೆ ಕಟ್ಟುಪಾಡು ಹಾಕಿದರು. ಸುಳಿವಿನಲ್ಲಿ ಖಚಿತ ಅರ್ಥ ಇರಬೇಕು, ನ್ಯಾಯವಾದ ಅಕ್ಷರದಾಟ ಇರಬೇಕು, ಅದರಾಚೆ ಏನೂ ಇರಬಾರದು. ನಮ್ಮ ಮಾವ ಗೊಬ್ಬರದ ಮೂಟೆಗೆ ಹಾಕುತ್ತಿದ್ದ ನಿಯಮವೇ ಅದು.

ಕನ್ನಡದಲ್ಲಿ ಇದು ಆಗುವುದಿಲ್ಲ ಅಂತ ಎಷ್ಟೋ ಜನ ನನಗೆ ಹೇಳಿದ್ದಾರೆ. ದಯವಿಟ್ಟು ಆ ಮಾತು ಬಿಡಿ. ‘ಮರಾ ಮರಾ’ ಅನ್ನುತ್ತಾ ಅನ್ನುತ್ತಾ ರಾಮನಾದ ಕತೆಯನ್ನು ತೊಟ್ಟಿಲಲ್ಲೇ ಕೇಳಿದವರು ನಾವು. ಕನಕದಾಸರ ಮುಂಡಿಗೆ ನಮ್ಮಲ್ಲಿದೆ, ಹಳ್ಳಿಹಳ್ಳಿಯಲ್ಲಿ ಒಗಟಿದೆ. ಕಷ್ಟ ಇರುವುದು ಒಂದೇ ಕಡೆ. ಇಂಗ್ಲಿಷಿನಲ್ಲಿ ಮನೆಗೊಂದು ಬಿಡಿ ಅಕ್ಷರ, ಹೇಗೆ ಬೇಕಾದರೂ ಕಲಸಬಹುದು. ನಮ್ಮಲ್ಲಿ ‘ಸ್ತ್ರೀ’ ಅನ್ನುವಷ್ಟೂ ಒಂದೇ ಮನೆಯಲ್ಲಿ ಕೂರುತ್ತದೆ. ಗುಣಿತ, ಒತ್ತು ಅಂಟಿಕೊಂಡೇ ಬರುತ್ತವೆ. ಆದ್ದರಿಂದ ಕಲಸುವ ಆಟ ನಮಗೆ ಕಡಿಮೆ. ಅದರ ಬದಲು ಸಂಧಿ ಇದೆ, ಅವರಿಗೆ ಅದು ಇಲ್ಲ. ‘ಎಲ್ಲದರ ಒಡೆಯನ ಪಟ್ಟಣ ಘಟ್ಟದ ಅಂಚಿನಲ್ಲಿ.’ ಎಲ್ಲ ಅಂದರೆ ಸಕಲ, ಒಡೆಯ ಅಂದರೆ ಈಶ, ಪಟ್ಟಣ ಪುರ. ಗುಣಸಂಧಿ ಮಾಡಿ: ಸಕಲೇಶಪುರ, ಘಟ್ಟದ ಅಂಚಿನ ಊರು. ಕಿರಿಯ ಪುತ್ರಿಯ ಊರು ಯಾವುದು? ಚಿಕ್ಕ, ಮಗಳ, ಊರು. ಇಲ್ಲಿ ಲೋಪಸಂಧಿ. ಸಖರಾಯಪಟ್ಟಣದ ರುಕ್ಮಾಂಗದ ರಾಜ ಕಿರಿಯ ಮಗಳಿಗೆ ಬಳುವಳಿ ಕೊಟ್ಟ ಊರು ಅಂತ ಐತಿಹ್ಯವೇ ಇದೆ. ಆ ಊರಿನ ಹೆಸರೇ ಒಂದು ಸುಳಿವು.

ಶ್ಲೇಷೆಯಂತೂ ನಮಗೆ ಬಾಯಿಗೆ ಬಂದದ್ದು. ‘ಪಕ್ಕದ ಮನೆಗೆ ಬಂದ ಪ್ರವಾಹ’, ಎರಡಕ್ಷರ. ನೆರೆ. ಪಕ್ಕದ ಮನೆಯೂ ನೆರೆ, ಪ್ರವಾಹವೂ ನೆರೆ. ಎರಡು ಅರ್ಥ, ಎರಡಕ್ಕೂ ಲೆಕ್ಕ ಸಿಕ್ಕಿತು.

ಎಷ್ಟೋ ಜನ ಫೋನು ಮಾಡಿ ‘ಉತ್ತರ ಹೇಳಿ ಸಾರ್’ ಅನ್ನುತ್ತಾರೆ. ಹೇಳಿದ ಕೂಡಲೇ ಇಟ್ಟುಬಿಡುತ್ತಾರೆ. ನನಗೆ ಅದು ಬೇಸರದ ವಿಷಯ. ಒಂದು ನಿಮಿಷ ನಿಂತು ‘ಹೇಗೆ ಬಂತು’ ಅಂತ ಕೇಳಿ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೆ ಉತ್ತರ ಹೇಳಿಕೊಡಬೇಡಿ, ಅಕ್ಷರ ಎಣಿಸಲು ಹೇಳಿಕೊಡಿ.

ಒಂದು ಸುಳಿವು ಬಿಟ್ಟು ಹೋಗುತ್ತೇನೆ. ಬರೆದುಕೊಳ್ಳಿ. ‘ಹೊಳೆ ಹಿಂದಕ್ಕೆ ಹರಿದರೆ ಇಪ್ಪತ್ತನಾಲ್ಕು ಗಂಟೆ.’ ಎರಡಕ್ಷರ. ಬಿಡಿಸಿದವರು ಈ ಬಾನುಲಿ ಕೇಂದ್ರದ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಉತ್ತರದ ಜೊತೆಗೆ ಹೊಳೆ ಎಲ್ಲಿ ಹೋಯಿತು ಅಂತಲೂ ಬರೆಯಿರಿ. ನಮಸ್ಕಾರ.