ನೋಡದ ಹಸ್ತಪ್ರತಿಗೆ ಅಡಿಟಿಪ್ಪಣಿ

ಎಲ್ಲರಿಗೂ ನಮಸ್ಕಾರ. ಸೂಫಿ ಚರಿತ್ರೆಯಲ್ಲಿ ಸಂಶೋಧನೆ ಮಾಡುತ್ತಿರುವವರೇ ಇಲ್ಲಿ ಜಾಸ್ತಿ ಇದ್ದೀರಿ. ಹಾಗಾಗಿ ಪೀಠಿಕೆ ಬೇಡ. ಆಕರಗಳನ್ನು ಪ್ರಾಮಾಣಿಕವಾಗಿ ಬಳಸುವುದರ ಬಗ್ಗೆ ನನ್ನ ಮಾತು, ನೇರ ಕಲಬುರಗಿಗೆ ಬರುತ್ತೇನೆ.

ಅಲ್ಲಿನ ಸೂಫಿ ಸಂತ ಖ್ವಾಜಾ ಬಂದೇನವಾಜರ ಹೆಸರಿನಲ್ಲಿ 'ಮೆರಾಜುಲ್ ಆಶಿಕೀನ್' ಅಂತ ಒಂದು ದಖನಿ, ಅಂದರೆ ದಕ್ಷಿಣದ ಹಳೆಯ ಉರ್ದುವಿನ ಗದ್ಯಕೃತಿ ಇದೆ. 1920ರ ದಶಕದಲ್ಲಿ ಉರ್ದು ವಿದ್ವಾಂಸ ಮೌಲ್ವಿ ಅಬ್ದುಲ್ ಹಕ್ ಅದನ್ನು ಅಚ್ಚು ಮಾಡಿಸಿದರು. ಖ್ವಾಜಾ ತೀರಿಕೊಂಡದ್ದು 1422ರಲ್ಲಿ. ಅಂದರೆ ಉರ್ದು ಗದ್ಯದ ಮೊದಲ ಪುಸ್ತಕ ನಮ್ಮ ಕಲಬುರಗಿಯದೇ ಅಂತಾಯಿತು! ಯಾರಿಗೆ ಖುಷಿ ಆಗುವುದಿಲ್ಲ ಹೇಳಿ? ಸಾಹಿತ್ಯ ಚರಿತ್ರೆಗಳಲ್ಲಿ ಅದು ಹಾಗೇ ಕೂತುಬಿಟ್ಟಿತು. 1960ರ ದಶಕದಲ್ಲಿ ಹೈದರಾಬಾದಿನ ಸಂಶೋಧಕ ಹಫೀಜ್ ಖತೀಲ್ ಆ ಕೃತಿಯನ್ನು ಮತ್ತೆ ಪರೀಕ್ಷೆಗೆ ಹಚ್ಚಿದರು. ಇದು ಖ್ವಾಜಾ ಅವರದಲ್ಲ, ಬಿಜಾಪುರದ ಮಖ್ದೂಮ್ ಶಾಹ್ ಹುಸೇನಿಯದು, ಖ್ವಾಜಾ ತೀರಿಕೊಂಡು ಇನ್ನೂರಕ್ಕೂ ಹೆಚ್ಚು ವರ್ಷಗಳಾದ ಮೇಲಿನದು ಅಂತ ತೋರಿಸಿದರು.

ಮೊದಲು ಅಚ್ಚು ಮಾಡಿಸಿದವರು ತಪ್ಪು ಮಾಡಿದರು, ಅಲ್ವಾ? ಹೌದು. ಆದರೆ ಅದು ಬರೀ ತಪ್ಪು, ಅಪರಾಧ ಅಲ್ಲ. ಖತೀಲ್ ಹೇಳಿದ್ದು ಗೊತ್ತಿದ್ದೂ, ಅವರ ಹೆಸರೇ ಎತ್ತದೆ, 'ಖ್ವಾಜಾ ಹೀಗೆ ಬರೆದಿದ್ದಾರೆ' ಅಂತ ಇವತ್ತು ಬರೆಯುತ್ತಾರಲ್ಲ, ಅದು ಅಪರಾಧ. ಫಾರಸಿಯಲ್ಲಿ ಖ್ವಾಜಾ ಬರೆದದ್ದೇ ರಾಶಿ ಇದೆ. ತಮ್ಮದಲ್ಲದ ಪುಸ್ತಕದಿಂದ ಅವರ ಗೌರವ ಹೆಚ್ಚಬೇಕಾಗಿಲ್ಲ.

ಗುರುಗಳ ಮಾತನ್ನು ಶಿಷ್ಯರು ಬರೆದಿಟ್ಟ ಮಲ್ಫೂಜಾತ್‌ಗಳಲ್ಲಂತೂ ಈ ಕಾಯಿಲೆ ಹಳೆಯದು. ದೆಹಲಿಯ ನಿಜಾಮುದ್ದೀನ್ ಔಲಿಯಾ ಅವರ ಮಾತುಗಳನ್ನು ಶಿಷ್ಯ ಅಮೀರ್ ಹಸನ್ ಬರೆದಿಟ್ಟರು. ಅದರಲ್ಲೇ ಒಂದು ಪ್ರಸಂಗ ಬರುತ್ತದೆ. ಯಾರೋ ಬಂದು, 'ತಾವು ಬರೆದ ಪುಸ್ತಕ ಅಂತ ಒಬ್ಬರು ನನಗೆ ತೋರಿಸಿದರು' ಅನ್ನುತ್ತಾರೆ. ನಾನು ಯಾವ ಪುಸ್ತಕವನ್ನೂ ಬರೆದಿಲ್ಲ ಅನ್ನುತ್ತಾರೆ ಔಲಿಯಾ. ನೋಡಿ, ಗುರು ಬದುಕಿದ್ದಾಗಲೇ ಅವರ ಹೆಸರಿನ ಪುಸ್ತಕ ಓಡಾಡುತ್ತಿತ್ತು! 1950ರಲ್ಲಿ ಇತಿಹಾಸಕಾರ ಮೊಹಮ್ಮದ್ ಹಬೀಬ್ ಇಂಥ ಸಾಕ್ಷಿಗಳನ್ನೆಲ್ಲ ಜೋಡಿಸಿ, ಔಲಿಯಾ ಅವರದೇ ಸೂಫಿ ಪಂಥವಾದ ಚಿಶ್ತಿಯ ಹಳೆಯ ಗುರುಗಳ ಹೆಸರಿನ ಎಷ್ಟೋ ಮಲ್ಫೂಜಾತ್ ಬೇರೆಯವರು ಕಟ್ಟಿದ ನಕಲಿಗಳು ಅಂದರು. ಅವೇ ಪುಸ್ತಕಗಳು ಈಗಲೂ ಅಚ್ಚಾಗುತ್ತಿವೆ. ಭಕ್ತರು ಓದಲಿ, ನನ್ನ ತಕರಾರಿಲ್ಲ. ಸಂಶೋಧಕರು ಅದನ್ನು ಹದಿಮೂರನೇ ಶತಮಾನದ ಸಾಕ್ಷಿ ಅಂತ ಕೊಡಬಾರದು.

ನಾನು ಎಲ್ಲರಿಗೂ ಕೇಳುವುದು ಒಂದೇ: ಹಸ್ತಪ್ರತಿ ನೋಡಿದ್ದೀರಾ? ಒಂದು ಪಿಎಚ್.ಡಿ. ಪ್ರಬಂಧ ನನ್ನ ಹತ್ತಿರ ಬಂದಿತ್ತು. ಅಡಿಟಿಪ್ಪಣಿಯಲ್ಲಿ ಫಾರಸಿ ಹಸ್ತಪ್ರತಿಯ ಹೆಸರು, ಹಾಳೆಯ ಸಂಖ್ಯೆ ಎಲ್ಲ ಇದೆ. ಆ ಹಸ್ತಪ್ರತಿಯಲ್ಲಿ ಅಷ್ಟು ಹಾಳೆಗಳೇ ಇಲ್ಲ! ಒಂದು ಇಂಗ್ಲಿಷ್ ಪುಸ್ತಕದಲ್ಲಿ ಸಂಖ್ಯೆ ತಪ್ಪಾಗಿ ಅಚ್ಚಾಗಿತ್ತು, ಅದನ್ನೇ ಪ್ರಬಂಧ ಬರೆದವರು ಇಳಿಸಿಕೊಂಡಿದ್ದರು. ಆ ಪುಸ್ತಕದ ಹೆಸರು ಹೇಳಿದ್ದರೆ ಯಾವ ಅವಮಾನವೂ ಇರಲಿಲ್ಲ. ಫಾರಸಿ ಬಾರದಿದ್ದರೆ ಬರುವುದಿಲ್ಲ ಅನ್ನಿ. ಯಾರಿಂದ ಓದಿಸಿಕೊಂಡಿರಿ ಅಂತ ಬರೆಯಿರಿ.

ಜಗಳ ಆಗಲಿ, ಅದು ಒಳ್ಳೆಯದೇ. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಬಿಜಾಪುರದ ಸೂಫಿಗಳ ಬಗ್ಗೆ ಪುಸ್ತಕ ತಂದಾಗ, ಮೊದಮೊದಲು ಆ ಸೀಮೆಗೆ ಬಂದ ಸೂಫಿಗಳಲ್ಲಿ ಯೋಧರೂ ಇದ್ದರು ಅಂದರು. ಇನ್ನೊಬ್ಬ ಸೂಫಿ ವಿಷಯದ ವಿದ್ವಾಂಸ ಕಾರ್ಲ್ ಅರ್ನ್ಸ್ಟ್ ಒಪ್ಪಲಿಲ್ಲ. ಶತಮಾನಗಳ ನಂತರ ಬರೆದ ಸಂತರ ಕಥೆಗಳನ್ನು ನಂಬಿ ಹಾಗೆ ಹೇಳುವುದು ಹೇಗೆ ಅಂತ ಕೇಳಿದರು. ಈಟನ್ ತಮ್ಮ ಆಕರ ಬಚ್ಚಿಡಲಿಲ್ಲ, ಅದಕ್ಕೇ ಅರ್ನ್ಸ್ಟ್ ಕೇಳಲು ಆಯಿತು. ನಮ್ಮಲ್ಲಿ ಸೂಫಿಗಳ ಚರಿತ್ರೆಯಿಂದ ಒಬ್ಬರಿಗೆ ಬರೀ ಸೌಹಾರ್ದ ಬೇಕು, ಇನ್ನೊಬ್ಬರಿಗೆ ಬರೀ ಮತಾಂತರ ಬೇಕು. ತಮಗೆ ಬೇಡದ ಪುಟವನ್ನು ಇಬ್ಬರೂ ಮಡಚಿಡುತ್ತಾರೆ.

ಚೀಟಿ ಬಂತು, ಸಮಯ ಆಯಿತಂತೆ. ಅನುವಾದದಲ್ಲಿ ಸಾಲು ಬಿಡುವ ವಿಚಾರ ಬಾಕಿ ಇತ್ತು, ಇರಲಿ. ಆದರೆ ಇದೊಂದು ಹೇಳಲೇಬೇಕು. ದರ್ಗಾದ ಮನೆತನದವರು ನಂಬಿ ಗಂಟು ಬಿಚ್ಚಿ ಹಸ್ತಪ್ರತಿ ಕೊಡುತ್ತಾರೆ. ನಾವು ಫೋಟೋ ತೆಗೆದುಕೊಂಡು ಬರುತ್ತೇವೆ, ಆಮೇಲೆ ಫೋನೂ ಎತ್ತುವುದಿಲ್ಲ. ಫೋಟೋಗಳ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಹಾಕಿ ಅವತ್ತೇ ಅವರ ಕೈಗೆ ಕೊಡಿ. ಅಚ್ಚಿಗೆ ಕಳಿಸುವ ಮೊದಲು ಅವರನ್ನು ಒಂದು ಮಾತು ಕೇಳಿ. ಪುಸ್ತಕ ಬಂದ ಮೇಲೆ ಮೊದಲ ಪ್ರತಿ ಆ ಮನೆಗೆ ಹೋಗಲಿ.